ಬೋಟ್ ಎಂಜಿನ್ನಿನ ಟೆಂಪರೇಚರ್ ವೈರ್ ಬಿಟ್ಟುಕೊಂಡಿದೆ, ಹಾಗೇ ಓಡಿಸಬಹುದಾ?

ಪ್ರಶ್ನೆ, ಕೆಆರ್‌ಎಸ್ ಹಿನ್ನೀರಿನಿಂದ:
ನಮಸ್ಕಾರ ಸರ್. ನಮ್ಮದು ಮೀನಾಕ್ಷಿಪುರದ ಕಡೆ ಹಿನ್ನೀರಿನಲ್ಲಿ ಬಲೆಯ ಮೀನು ದಡಕ್ಕೆ ತರುವ ಫೈಬರ್ ಬೋಟ್. ಎಂಜಿನ್ ಹಳೇ ಜಾನ್ಸನ್, 40 ಎಚ್‌ಪಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್. ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಪ್ಲಗ್ ಬದಲಾಯಿಸೋಣ ಅಂತ ಮುಚ್ಚಳ ತೆಗೆದರೆ ತಿಳಿ ಕಂದು ಬಣ್ಣದ ಒಂಟಿ ವೈರ್ ಒಂದು ಸುಮ್ನೆ ನೇತಾಡುತ್ತಿದೆ. ಸಿಲಿಂಡರ್ ಹೆಡ್ಡಿನಲ್ಲಿ ಬಟನ್ ಥರ ಏನೋ ಕೂತಿದೆ, ಅದರಿಂದಲೂ ಒಂದು ಗಿಡ್ಡ ತುಂಡು ಹೊರಗೆ ಬಂದಿದೆ. ಎಂಜಿನ್ ಚೆನ್ನಾಗೇ ಓಡುತ್ತಿದೆ, ಹಾರನ್ ಒಂದು ಸಲವೂ ಕೂಗಿಲ್ಲ. ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ "ಅದು ಬೇಡದ ವೈರು, ಟೇಪ್ ಸುತ್ತಿ ಬಿಡಿ" ಅಂದರು. ಬಿಡಬಹುದಾ?

ಉತ್ತರ, ಔಟ್‌ಬೋರ್ಡ್ (ಬೋಟಿನ ಹಿಂದೆ ಕಟ್ಟುವ ಎಂಜಿನ್) ಮೆಕ್ಯಾನಿಕ್, ಮೈಸೂರು:
ಬಿಡಬೇಡಿ. ಎಂಜಿನ್ ಕಾದಾಗ ಹಾರನ್ ಕೂಗಿಸುವ ವೈರ್ ಅದು. ಹೆಡ್ಡಿನಲ್ಲಿ ಕೂತಿರುವುದು ಟೆಂಪರೇಚರ್ ಸ್ವಿಚ್. ತಣ್ಣಗಿರುವಾಗ ಅದರ ಒಳಗಿನ ಪಾಯಿಂಟ್ ಬಿಟ್ಟುಕೊಂಡಿರುತ್ತದೆ. ಹೆಡ್ ಮಿತಿ ಮೀರಿ ಕಾದರೆ ಪಾಯಿಂಟ್ ಕೂಡಿ ಆ ವೈರನ್ನು ಎಂಜಿನ್ನಿನ ಲೋಹದ ಮೈಗೆ ಅರ್ಥ್ ಮಾಡುತ್ತದೆ, ಆಗ ಹಾರನ್ ಕೂಗುತ್ತದೆ. ವೈರೇ ಬಿಟ್ಟಿದ್ದರೆ ನಿಮಗೆ ಒಂದು ಚೂರೂ ವ್ಯತ್ಯಾಸ ಗೊತ್ತಾಗಲ್ಲ, ಎಂಜಿನ್ ಎಂದಿನ ಹಾಗೇ ಓಡುತ್ತಾ ಇರುತ್ತದೆ, ಒಂದು ದಿನ ಹಿನ್ನೀರಿನ ನಡುವೆ ಪಿಸ್ಟನ್ ಕಾದು ಕಚ್ಚಿಕೊಂಡು ಸೀಜ್ ಆಗುವವರೆಗೆ. ಹಾರನ್ ಕೂಗಿಲ್ಲ ಅಂದಿರಿ. ಹೇಗೆ ತಾನೇ ಕೂಗುತ್ತದೆ?

ಬಣ್ಣದ ವಿಷಯ ಕೇಳುವವರಿಗೆ: ಜಾನ್ಸನ್, ಎವಿನ್‌ರೂಡ್‌ಗಳಲ್ಲಿ ಈ ವೈರ್ ತಿಳಿ ಕಂದು. ಮರ್ಕ್ಯುರಿಯಲ್ಲಿ ತಿಳಿ ಕಂದಿನ ಮೇಲೆ ನೀಲಿ ಗೆರೆ. ಯಮಹಾದಲ್ಲಿ ಗುಲಾಬಿ.

ಸೇರಿಸುವುದು ದೊಡ್ಡ ಕೆಲಸ ಅಲ್ಲ. ಅದು ಯಾಕೆ ಬಿಟ್ಟುಕೊಂಡಿತು ಅನ್ನೋದು ಮುಖ್ಯ. ಎರಡೂ ತುದಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಅಲುಗಾಟಕ್ಕೆ ತುಂಡಾಗಿದ್ದರೆ ತಾಮ್ರದ ಎಳೆ ಒಂದೊಂದೂ ಒಂದೊಂದು ಉದ್ದ ಇರುತ್ತದೆ. ಇಲಿ ಕಡಿದಿದ್ದರೆ ಪಕ್ಕದ ವೈರುಗಳಿಗೂ ಬಾಯಿ ಹಾಕಿರುತ್ತದೆ. ಕಿಲುಬು ಹಿಡಿದು ಕಳಚಿದ್ದರೆ ತುದಿ ಹಸಿರಾಗಿ, ಉಗುರು ತಾಗಿಸಿದರೆ ಪುಡಿ ಉದುರುತ್ತದೆ.

ಪ್ರಶ್ನೆ ಕೇಳಿದವರು:
ಫೋಟೋ ಹಾಕಿದ್ದೇನೆ ಸರ್. ಎರಡೂ ತುದಿ ಒಂದೇ ಸಮ ಇದೆ. ಮೇಲಿಂದ ಬರುವ ವೈರಿಗೆ ಹಳೇ ಟೇಪಿನ ಅಂಟು ಕೂಡ ಅಂಟಿಕೊಂಡಿದೆ.

ಉತ್ತರ:
ನೋಡಿದೆ. ಅದು ಕಳಚಿದ್ದಲ್ಲ, ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದ್ದು. ಹಾರನ್ ಪದೇ ಪದೇ ಕೂಗುತ್ತಿತ್ತು, ಕಿರಿಕಿರಿ ಅಂತ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಒಂದೋ ಸ್ವಿಚ್ ಕೆಟ್ಟು ಸುಳ್ಳು ಕೂಗು ಕೂಗಿರಬೇಕು, ಇಲ್ಲವೇ ಎಂಜಿನ್ ನಿಜವಾಗಿಯೂ ಕಾಯುತ್ತಿತ್ತು. ಉಪ್ಪುನೀರಿನಲ್ಲಿ ದುಡಿದ ಎಂಜಿನ್ ಆದ್ದರಿಂದ ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ.

ಮೊದಲು ಹಾರನ್ ನೋಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಮೇಲಿಂದ ಬರುವ ವೈರಿನ ತಾಮ್ರವನ್ನು ಪೇಂಟ್ ಇಲ್ಲದ ಬೋಲ್ಟಿಗೆ ಮುಟ್ಟಿಸಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಕೆಲಸ ಬೇಡ, ಕಿಡಿ ಹಾರುತ್ತದೆ. ಹಾರನ್ ಕೂಗಿದರೆ ಅಲ್ಲಿಂದ ಮೇಲಕ್ಕೆ ಎಲ್ಲ ಸರಿ ಇದೆ ಅಂತ. ಕೂಗದಿದ್ದರೆ ಫ್ಯೂಸ್, ಹಾರನ್ನಿಗೆ 12 ವೋಲ್ಟ್ ಬರುತ್ತಿದೆಯಾ, ವೈರ್ ದಾರಿಯಲ್ಲಿ ಎಲ್ಲಾದರೂ ಕಡಿದಿದೆಯಾ ನೋಡಬೇಕು.

ಆಮೇಲೆ ಸ್ವಿಚ್. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಮುಳ್ಳು ಸ್ವಿಚ್ಚಿನ ಗಿಡ್ಡ ವೈರಿಗೆ, ಇನ್ನೊಂದು ಮುಳ್ಳು ಎಂಜಿನ್ನಿನ ಲೋಹದ ಮೈಗೆ ಹಿಡಿಯಿರಿ. ತಣ್ಣಗಿರುವಾಗಲೇ ಬೀಪ್ ಬಂದರೆ ಸ್ವಿಚ್ ಸತ್ತಿದೆ, ಸುಳ್ಳು ಕೂಗು ಕೂಗಿದ್ದು ಅದೇ. ಬೀಪ್ ಬರದಿದ್ದರೆ ಅರ್ಧ ಪರೀಕ್ಷೆ ಆದಂತೆ. ಕಾದಾಗ ಕೂಡುತ್ತದಾ ಅಂತ ಇನ್ನೂ ನೋಡಬೇಕಲ್ಲ. ಎಲ್ಲರೂ ಕುದಿಯುವ ನೀರಿಗೆ ಹಾಕಿ ನೋಡುತ್ತಾರೆ, ಆದರೆ ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ, ಅದಕ್ಕಿಂತ ಮೇಲೆ ಏರಲ್ಲ. ಕೆಲವು ಸ್ವಿಚ್ 95ರ ಆಸುಪಾಸು ಕೂಡುತ್ತವೆ, ಕೆಲವು ನೂರು ದಾಟಿದ ಮೇಲೆ. ಸುಮ್ನೆ ಒಳ್ಳೇ ಸ್ವಿಚ್ಚನ್ನು ಕೆಟ್ಟದ್ದು ಅಂತ ಬಿಸಾಡುತ್ತೀರಿ. ಅಡುಗೆ ಎಣ್ಣೆಯಲ್ಲಿ ಥರ್ಮಾಮೀಟರ್ ಜೊತೆ ತೂಗುಬಿಟ್ಟು, ತಳಕ್ಕೆ ತಾಗದ ಹಾಗೆ ನಿಧಾನಕ್ಕೆ ಕಾಯಿಸಿ. ನೀರಿನ ಹನಿ ಬೀಳಬಾರದು, ಸಿಡಿಯುತ್ತದೆ.

ಇನ್ನೊಬ್ಬ ಸದಸ್ಯರು:
ಅಣ್ಣ, ಇಷ್ಟೆಲ್ಲ ಯಾಕೆ? ನಮ್ಮ ಬೋಟಿನಲ್ಲೂ ಆ ವೈರ್ ಇಲ್ಲ, ಆರಾಮಾಗಿ ಓಡುತ್ತಿದೆ. ಹಿಂದೆ ನೀರು ಚಿಮ್ಮುತ್ತಿದ್ದರೆ ಸಾಕು ಅಲ್ವಾ?

ಉತ್ತರ:
ಸಾಲದು ಗುರು. ಹಿಂದೆ ನೀರು ಚಿಮ್ಮಿದರೆ ಪಂಪ್ ನೀರು ಎತ್ತುತ್ತಿದೆ ಅಂತ ಅಷ್ಟೇ ಅರ್ಥ. ಆ ನೀರು ಹೆಡ್ಡಿನ ಎಲ್ಲ ಸಂದಿಗೂ ಹೋಗುತ್ತಿದೆ ಅಂತ ಅಲ್ಲ. ಉಪ್ಪು ಕಟ್ಟಿದ ಎಂಜಿನ್ನಿನಲ್ಲಿ ಹೊರಗೆ ಧಾರೆ ಚೆನ್ನಾಗೇ ಬರುತ್ತಿರುತ್ತದೆ, ಒಳಗೆ ಒಂದು ಸಿಲಿಂಡರ್ ಬೇಯುತ್ತಿರುತ್ತದೆ. ಇನ್ನು ನಮ್ಮ ಕಡೆಯ ತೊಂದರೆ ಬೇರೆ. ಕಟ್ಟೆಯಲ್ಲಿ 124.80 ಅಡಿ ತುಂಬಿದ್ದಾಗ ಗೊತ್ತಾಗಲ್ಲ, ಬೇಸಿಗೆಯಲ್ಲಿ ನೀರು ಇಳಿದರೆ ದಡದ ಹತ್ತಿರ ಎಂಜಿನ್ ಹೂಳು ಹೀರುತ್ತದೆ, ಗಿಡಗಂಟಿ, ಪ್ಲಾಸ್ಟಿಕ್ ಕವರ್ ನೀರಿನ ಬಾಯಿಗೆ ಮೆತ್ತಿಕೊಳ್ಳುತ್ತವೆ. ಅಂಥ ಕಡೆ ಹಾರನ್ ಇಲ್ಲದೆ ಹೋಗುವುದು ನಿಮ್ಮಿಷ್ಟ.

ಪ್ರಶ್ನೆ ಕೇಳಿದವರಿಗೆ: ಇಂಪೆಲ್ಲರ್, ಅಂದರೆ ನೀರು ಎತ್ತುವ ಪಂಪಿನ ರಬ್ಬರ್ ಚಕ್ರ, ಹೊಸದು ಹಾಕಿ. ಹಳೆಯದನ್ನು ತೆಗೆದಾಗ ರಬ್ಬರಿನ ರೆಕ್ಕೆ ಎಲ್ಲ ಇದೆಯಾ ಎಣಿಸಿ. ಒಂದು ಮುರಿದು ಹೋಗಿದ್ದರೆ ಆ ಚೂರು ಮೇಲೆ ಎಲ್ಲೋ ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಹುಡುಕಿ ತೆಗೆಯಲೇಬೇಕು. ಥರ್ಮೋಸ್ಟಾಟ್ (ಬಿಸಿ ಏರಿದಾಗ ನೀರಿಗೆ ದಾರಿ ಬಿಡುವ ವಾಲ್ವ್) ಮುಚ್ಚಳ ಬಿಚ್ಚಿ ನೋಡಿ, ಈ ಎಂಜಿನ್ನುಗಳಲ್ಲಿ ಅದು 60 ಡಿಗ್ರಿ ಸುಮಾರಿಗೆ ತೆರೆಯಬೇಕು. ಅದನ್ನು ಬಿಸಿನೀರಿನಲ್ಲೇ ಪರೀಕ್ಷೆ ಮಾಡಬಹುದು. ಮುಚ್ಚಳದೊಳಗೆ ಬಿಳೀ ಗಟ್ಟಿ ಉಪ್ಪು ಕಂಡರೆ ಹೆಡ್ ಕೂಡ ಬಿಚ್ಚಿಸಿ ತೊಳೆಸಿ. ಒಂದು ಎಚ್ಚರಿಕೆ, ಸಮುದ್ರದ ಎಂಜಿನ್ನಿನ ಬೋಲ್ಟುಗಳು ಅಲ್ಯುಮಿನಿಯಮ್ ಜೊತೆ ಕಚ್ಚಿಕೊಂಡಿರುತ್ತವೆ. ಜೋರು ಮಾಡಿದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಸ್ವಲ್ಪ ಬಿಸಿ ತೋರಿಸಿ, ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಿ.

ವೈರ್ ಸೇರಿಸುವುದು ಕೊನೆಗೆ. ತಿರುಚಿ ಟೇಪ್ ಸುತ್ತುವುದು ಬೇಡ. ಬೆಸುಗೆಯೂ ಬೇಡ, ಬೆಸುಗೆ ಮುಗಿಯುವ ಜಾಗದಲ್ಲೇ ಅಲುಗಾಟಕ್ಕೆ ಮುರಿಯುತ್ತದೆ. ತಾಮ್ರ ಹೊಳೆಯುವವರೆಗೆ ವೈರ್ ಹಿಂದಕ್ಕೆ ಕತ್ತರಿಸಿ, ಬುಲೆಟ್ ಕನೆಕ್ಟರ್ ಹಾಕಿ ಸರಿಯಾದ ಕ್ರಿಂಪಿಂಗ್ ಪ್ಲೇಯರಿನಲ್ಲಿ ಒತ್ತಿ, ಮೇಲೆ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಬಿಗಿಯುವ ಕೊಳವೆ) ತೊಡಿಸಿ. ಫ್ಲೈವೀಲಿಗೆ ತಾಗದ ಹಾಗೆ ಟೈ ಕಟ್ಟಿ. ಸ್ವಿಚ್ಚೇ ಬದಲಾಯಿಸಬೇಕಾದರೆ ಎಂಜಿನ್ ಪ್ಲೇಟಿನ ಮೇಲಿನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ. ಜಾನ್ಸನ್ನಿನ ಜೊತೆಯ ಬ್ರ್ಯಾಂಡ್ ಎವಿನ್‌ರೂಡ್ ತಯಾರಿಕೆಯೂ 2020ರಲ್ಲಿ ನಿಂತಿತು, ಹಳೇ ಜಾನ್ಸನ್ನಿಗೆ ಬೇರೆ ಕಂಪನಿಯವರು ಮಾಡುವ ಬಿಡಿಭಾಗ ಹುಡುಕಬೇಕಾಗಬಹುದು.

ಮತ್ತೊಬ್ಬರು, ಕಬಿನಿ ಕಡೆಯಿಂದ:
ನಮ್ಮದು ಫೋರ್ ಸ್ಟ್ರೋಕ್ ಇಎಫ್‌ಐ (ಕಂಪ್ಯೂಟರ್ ಪೆಟ್ರೋಲ್ ಅಳೆದು ಕೊಡುವ) ಎಂಜಿನ್ ಸರ್. ಸೆನ್ಸರಿಗೆ ಎರಡು ವೈರ್ ಇದೆ, ಪ್ಲಗ್ ಕಳಚಿದಾಗಿನಿಂದ ಕಪ್ಪು ಹೊಗೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ. ಎರಡನ್ನೂ ಒಟ್ಟಿಗೆ ಸೇರಿಸಿಬಿಡಲಾ?

ಉತ್ತರ:
ಬೇಡವೇ ಬೇಡ. ನಿಮ್ಮದು ಸ್ವಿಚ್ ಅಲ್ಲ, ಸೆನ್ಸರ್. ಬಿಸಿ ಏರಿದ ಹಾಗೆ ಅದರ ಓಮ್ಸ್ ಇಳಿಯುತ್ತದೆ, ಕಂಪ್ಯೂಟರ್ ಅದನ್ನು ಓದಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ವೈರ್ ಬಿಟ್ಟಿದ್ದರೆ ಎಂಜಿನ್ ಮಂಜುಗಡ್ಡೆಯಷ್ಟು ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ, ಹೊಗೆ ಅದಕ್ಕೇ. ಎರಡನ್ನೂ ಸೇರಿಸಿದರೆ ಉಲ್ಟಾ, ಬೆಂಕಿ ಹತ್ತಿದಷ್ಟು ಬಿಸಿ ಅಂತ ಓದುತ್ತದೆ. ಪ್ಲಗ್ಗಿನ ಒಳಗಿನ ಪಿನ್ ಬಗ್ಗಿದೆಯಾ, ಕಿಲುಬು ಹಿಡಿದಿದೆಯಾ ನೋಡಿ, ಸ್ವಚ್ಛ ಮಾಡಿ ಟಕ್ ಅನ್ನುವವರೆಗೆ ಒತ್ತಿ ಹಾಕಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಸರ್. ಎಲ್ಲ ಮಾಡಿದ ಮೇಲೆ ಬೋಟಿಗೆ ಕಟ್ಟುವ ಮುಂಚೆ ಡ್ರಮ್ಮಿನಲ್ಲಿ ನೀರು ತುಂಬಿ ಓಡಿಸಿ ನೋಡಬಹುದಾ?

ಉತ್ತರ:
ನೋಡಲೇಬೇಕು. ನೀರಿಲ್ಲದೆ ಮಾತ್ರ ಒಂದು ಕ್ಷಣವೂ ಸ್ಟಾರ್ಟ್ ಮಾಡಬೇಡಿ, ಹೊಸ ಇಂಪೆಲ್ಲರ್ ಅಲ್ಲೇ ಸುಟ್ಟು ಹೋಗುತ್ತದೆ. ಪ್ರೊಪೆಲ್ಲರ್ ಬಿಚ್ಚಿಡಿ, ನ್ಯೂಟ್ರಲ್ಲಿನಲ್ಲೇ ಓಡಿಸಿ, ರೇಸ್ ಮಾಡಬೇಡಿ. ಡ್ರಮ್ಮಿನ ನೀರು ಬೇಗ ಬಿಸಿಯಾಗುತ್ತದೆ, ಪೈಪಿನಿಂದ ತಣ್ಣೀರು ಬಿಡುತ್ತಾ ಇರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಸಿಕ್ಕಿದರೆ ಎರಡೂ ಪ್ಲಗ್ಗಿನ ಪಕ್ಕ ಹೆಡ್ಡಿಗೆ ಹಿಡಿದು ಓದಿ, ಫ್ಲೈವೀಲಿನಿಂದ ಕೈ ದೂರ ಇರಲಿ. ಒಂದಕ್ಕಿಂತ ಇನ್ನೊಂದು ತುಂಬಾ ಜಾಸ್ತಿ ತೋರಿಸಿದರೆ ಬೋಟಿಗೆ ಕಟ್ಟಬೇಡಿ, ಎರಡೂ ಅಂಕಿ ಇಲ್ಲಿ ಹಾಕಿ.