ಅಪ್‌ಡೇಟ್: ದೊಡ್ಡಪ್ಪ ಮತ್ತು ಮೆಂತ್ಯದ ನೀರು

ಹಿಂದಿನ ತಿಂಗಳು ಕೇಳಿದ್ದೆ: ಡೊಂಬಿವಲಿಯ ದೊಡ್ಡಪ್ಪ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗಾದರೆ ಆರೋಗ್ಯ ಸಲಹೆ ಸುರಿಯುತ್ತಾರೆ, ಮೆಂತ್ಯದ ನೀರನ್ನು ನಂಬಿ ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ಬಿಟ್ಟಿದ್ದಾರೆ, ಹಿರಿಯರಿಗೆ ಹೇಗೆ ಹೇಳಲಿ? ಗುಂಪಿನಲ್ಲಿ ವಾದ ಬೇಡ, ಮನೆಗೇ ಹೋಗಿ ಎಂದಿದ್ದಿರಿ. ಹೋದೆ.

ಹಳಿ ದುರಸ್ತಿಗೆಂದು ಮುಂಬೈ ಲೋಕಲ್ ರೈಲುಗಳನ್ನು ತಡೆಯುವ ಭಾನುವಾರದ ಮೆಗಾಬ್ಲಾಕ್ ಕೃಪೆಯಿಂದ ಮುಲುಂಡಿನಿಂದ ತಲುಪುವಷ್ಟರಲ್ಲಿ ಊಟದ ಹೊತ್ತಾಗಿತ್ತು. ದೊಡ್ಡಮ್ಮನ ನೀರುದೋಸೆ ಮುಗಿಯುವವರೆಗೂ ವಿಷಯ ಎತ್ತಲಿಲ್ಲ. ಮೆಂತ್ಯವನ್ನು ಬೈಯಲೂ ಇಲ್ಲ. "ಮಾತ್ರೆ ಬಿಟ್ಟು ಮೂರು ತಿಂಗಳಾಯಿತಲ್ಲ ದೊಡ್ಡಪ್ಪ, ಮೆಂತ್ಯ ಗೆದ್ದಿತೋ ಇಲ್ಲವೋ ನೋಡಿಯೇ ಬಿಡೋಣ" ಎಂದೆ. ಪಂದ್ಯವೆಂದರೆ ಅವರು ಬಿಡುವವರಲ್ಲ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸಿದೆವು; ಅದು ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ. ಹಿಂದಿನ ದಿನ ಉಪವಾಸವಿದ್ದು ಅದನ್ನು ಏಮಾರಿಸಲಾಗದು. ಶೇಕಡಾ 6.5 ಮುಟ್ಟಿದರೆ ಮಧುಮೇಹ ಎಂಬ ಲೆಕ್ಕ. ಇವರದು 9.2.

ವರದಿ ನೋಡಿ ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು. ಸಂಖ್ಯೆ ಬದಲಾಗಲಿಲ್ಲ. ಮರುದಿನವೇ ದೊಡ್ಡಮ್ಮ ವೈದ್ಯರ ಬಳಿ ಕರೆದೊಯ್ದರು. ಮಾತ್ರೆ ಮತ್ತೆ ಶುರುವಾಗಿದೆ. ಮೆಂತ್ಯವನ್ನು ಊಟದ ಜೊತೆ ತಿನ್ನಿ, ಮಾತ್ರೆಯ ಬದಲಿಗಲ್ಲ ಎಂದರಂತೆ ವೈದ್ಯರು. ದೊಡ್ಡಪ್ಪ ಇದನ್ನು ಅರ್ಧ ಗೆಲುವೆಂದೇ ಎಣಿಸಿದ್ದಾರೆ.

ಸಲಹೆ ನಿಂತಿತೇ? ಎಲ್ಲಿಯ ಮಾತು! ಆದರೆ ನಿನ್ನೆ ಪುಣೆಯ ಅತ್ತೆ, ಹೃದಯಾಘಾತವಾದರೆ ಜೋರಾಗಿ ಕೆಮ್ಮಿ ಬದುಕಿಕೊಳ್ಳಿ ಎಂಬ ಹಳೆಯ ಸಂದೇಶ ಕಳುಹಿಸಿದಾಗ ಮೊದಲು ಉತ್ತರಿಸಿದವರು ದೊಡ್ಡಪ್ಪನೇ: "ಕೆಮ್ಮುತ್ತಾ ಕೂರಬೇಡ ತಂಗಿ, 108ಕ್ಕೆ ಕರೆ ಮಾಡು."