ಎಸ್ಲಿಂಗನ್‌ನಲ್ಲಿ ಮಗಳ ದೃಢೀಕರಣ ತರಗತಿ: ಲೂಥರನ್ ಸಭೆಯ ತಿಂಗಳ ಕ್ರಮ, ಬೋಧನೆಯ ಬಗ್ಗೆ ತಿಳಿದವರು ಹೇಳುವಿರಾ?

ಮೈಸೂರಿನ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ವೆಸ್ಲಿಯನ್ ಮಿಷನ್ನಿನ ಹಿನ್ನೆಲೆಯ, ದಕ್ಷಿಣ ಭಾರತ ಸಭೆ ಎನ್ನುವ ಸಿಎಸ್‌ಐ ಸಭೆಯಲ್ಲಿ ಬೆಳೆದವರು. ಗಂಡನ ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿದ್ದೇವೆ. ಬಂದ ಹೊಸದರಲ್ಲಿ ಪುರಸಭೆಯ ನೋಂದಣಿ ಅರ್ಜಿಯ ಧರ್ಮದ ಕಾಲಮ್ಮಿನಲ್ಲಿ ‘ಇವಾಂಗೆಲಿಶ್’, ಅಂದರೆ ಪ್ರೊಟೆಸ್ಟೆಂಟ್, ಎಂದು ಬರೆದಿದ್ದೆವು. ಆ ಕಾರಣದಿಂದಲೇ ಇರಬೇಕು, ಮಗಳಿಗೆ 13 ತುಂಬುತ್ತಿದ್ದಂತೆ ಇಲ್ಲಿನ ಸಭೆಯಿಂದ ಅವಳ ಹೆಸರಿಗೇ ಒಂದು ಪತ್ರ ಬಂದು, ದೀಕ್ಷಾಸ್ನಾನ ಆದ ಮಕ್ಕಳು ತಮ್ಮ ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವ ದೃಢೀಕರಣದ ತರಗತಿಗೆ ಆಹ್ವಾನಿಸಿದರು. ಇಲ್ಲಿಯವರು ಅದನ್ನು ‘ಕೊನ್ಫಿ’ ಎನ್ನುತ್ತಾರೆ. ಅವಳು ನಾಲ್ಕು ಬುಧವಾರ ಹೋಗಿ ಬಂದಿದ್ದಾಳೆ.

ಕಳೆದ ವಾರ ಮೈಸೂರಿನ ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡುತ್ತ, “ಏಳನೆಯ ಆಜ್ಞೆ, ಕದಿಯಬಾರದು” ಎಂದು ಒಪ್ಪಿಸಿದಳು. ಅಜ್ಜಿ ತಕ್ಷಣ, “ಅದು ಎಂಟನೆಯದು ಮಗಾ, ಏಳನೆಯದು ಬೇರೆ” ಎಂದರು. ಇವಳು ಪುಸ್ತಕ ತೆರೆದು ತೋರಿಸಿದಳು, ಅವರು ತಮ್ಮ ಪ್ರಾರ್ಥನಾ ಪುಸ್ತಕ ತೆಗೆದರು. ನಾನು ನಡುವೆ ಸಿಕ್ಕಿಕೊಂಡೆ. ಹತ್ತು ಆಜ್ಞೆಗಳಿಗೆ ಎರಡು ಲೆಕ್ಕ ಇರಲು ಹೇಗೆ ಸಾಧ್ಯ?

ಇನ್ನೂ ಕೆಲವು ಸಂಗತಿಗಳು ನನಗೆ ಅರ್ಥವಾಗಿಲ್ಲ. ಆರಾಧನೆ ಬಹಳ ಸರಳವಾಗಿದೆ. ಲೂಥರನ್ನರ ಆರಾಧನೆಯೆಂದರೆ ಪಾದ್ರಿಯೂ ಸಭೆಯೂ ಸರದಿಯಲ್ಲಿ ಹಾಡುವ ಕ್ರಮ ಎಂದು ನಾನು ಕೇಳಿದ್ದೆ, ಇಲ್ಲಿ ಅದಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವೂ ತಿಂಗಳಿಗೊಮ್ಮೆ ಮಾತ್ರ. ಒಂದು ಭಾನುವಾರ ಹೋದರೆ ಬಾಗಿಲಿಗೆ ಬೀಗ. ಆ ದಿನದ ಆರಾಧನೆ ಪಕ್ಕದ ಬಡಾವಣೆಯ ಚರ್ಚಿನಲ್ಲಿತ್ತಂತೆ. ಸಭೆಯ ತಿಂಗಳು ಹೇಗೆ ಸಾಗುತ್ತದೆ, ಆ ತರಗತಿಯಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ, ನಮ್ಮಿಂದ ಏನನ್ನು ನಿರೀಕ್ಷಿಸುತ್ತಾರೆ ಎಂಬುದನ್ನು ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ನೆಕ್ಕರ್ ದಂಡೆ ಉತ್ತರಿಸಿದ್ದು:

ಅಮ್ಮಾ, ನಾನು ಮಂಗಳೂರಿನವನು, ಬಾಸೆಲ್ ಮಿಷನ್ ಮನೆತನ. ಟ್ಯೂಬಿಂಗನ್‌ಗೆ ಓದಲು ಬಂದು ಇಲ್ಲೇ ಉಳಿದೆ, ಒಂದು ಅವಧಿಗೆ ಇಲ್ಲಿನ ಸಭೆಯ ಹಿರಿಯರ ಮಂಡಳಿಯಲ್ಲೂ ಇದ್ದೆ. ನೀವಿರುವ ಊರು ನಮಗೆ ಪರಕೀಯವಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಈ ವ್ಯುರ್ಟೆಂಬರ್ಗ್ ಸೀಮೆಯವರೇ, 1881ರಲ್ಲಿ ಅವರು ತೀರಿಕೊಂಡದ್ದು ನಿಮ್ಮ ಎಸ್ಲಿಂಗನ್‌ನಲ್ಲಿ. ಕಿಟ್ಟೆಲ್ ಉತ್ತರದ ಕರಾವಳಿಯಲ್ಲಿ ಹುಟ್ಟಿದವರಾದರೂ 1903ರಲ್ಲಿ ಕಣ್ಮುಚ್ಚಿದ್ದು ಟ್ಯೂಬಿಂಗನ್‌ನಲ್ಲಿ.

ಆರಾಧನೆಯ ಸರಳತೆಗೆ ಕಾರಣ ಇತಿಹಾಸದಲ್ಲಿದೆ. 1534ರಲ್ಲಿ ಈ ಸೀಮೆಯ ಅರಸ ಡ್ಯೂಕ್ ಉಲ್ರಿಖ್ ಇಲ್ಲಿ ಮತಸುಧಾರಣೆಯನ್ನು ಜಾರಿಗೆ ತಂದಾಗ, ಒಂದು ಭಾಗಕ್ಕೆ ಲೂಥರನ ಪಕ್ಷದ ಶ್ನೆಪ್ಫ್ ಎಂಬುವರನ್ನೂ ಇನ್ನೊಂದು ಭಾಗಕ್ಕೆ ಸ್ವಿಸ್ ಸುಧಾರಕರ ಕಡೆಗೆ ಒಲವಿದ್ದ ಬ್ಲಾರರ್ ಎಂಬುವರನ್ನೂ ನೇಮಿಸಿದ. ಬೋಧನೆಯಲ್ಲಿ ನಾಡು ಲೂಥರನ್ ಆಯಿತು. ಆರಾಧನೆಯ ರೂಪವನ್ನು ಮಾತ್ರ ಮಧ್ಯಯುಗದ ನಗರಗಳಲ್ಲಿ ಪೂಜೆಯಿಂದ ಪ್ರತ್ಯೇಕವಾಗಿ ನಡೆಯುತ್ತಿದ್ದ ಪ್ರಸಂಗದ, ಅಂದರೆ ಪಾದ್ರಿಯ ಉಪದೇಶದ, ಕೂಟದಿಂದ ಎತ್ತಿಕೊಂಡರು: ಗೀತೆ, ಪ್ರಾರ್ಥನೆ, ವಾಚನ, ಪ್ರಸಂಗ, ಗೀತೆ, ಆಶೀರ್ವಾದ. ಬವೇರಿಯಾಕ್ಕೆ ಹೋಗಿ ನೋಡಿ, ನೀವು ಕೇಳಿದ್ದ ಹಾಡುವ ಕ್ರಮ ಅಲ್ಲಿ ಸಿಗುತ್ತದೆ.

ಕರ್ತನ ಭೋಜನ ವಿರಳವಾದದ್ದು ಲೂಥರನ ಇಚ್ಛೆಯಿಂದಲ್ಲ. ಲೂಥರನ್ನರ ವಿಶ್ವಾಸವನ್ನು ಸಾರುವ 1530ರ ಆಗ್ಸ್‌ಬರ್ಗ್ ಅರಿಕೆಯು ತಮ್ಮ ಸಭೆಗಳಲ್ಲಿ ಪ್ರತಿ ಪವಿತ್ರ ದಿನವೂ, ಬಯಸುವವರಿದ್ದರೆ ಬೇರೆ ದಿನಗಳಂದೂ ಅದನ್ನು ಆಚರಿಸುತ್ತೇವೆ ಎಂದೇ ಹೇಳುತ್ತದೆ. ಇಲ್ಲಿಯ ಪ್ರಸಂಗದ ಆರಾಧನೆಯಲ್ಲಿ ಅದಕ್ಕೆ ನಿತ್ಯದ ಸ್ಥಾನ ಇರಲಿಲ್ಲ, ಮುಂದೆ ವೈಯಕ್ತಿಕ ಭಕ್ತಿಗೆ ಒತ್ತು ಕೊಟ್ಟ ಪಯಟಿಸ್ಟರ ಕಾಲದಲ್ಲಿ ‘ನಾನು ಯೋಗ್ಯನೇ’ ಎಂಬ ಆತ್ಮಪರೀಕ್ಷೆಯ ಭಾರವೂ ಸೇರಿಕೊಂಡಿತು. ಹೀಗಾಗಿ ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಮೇಜಿನ ಬಳಿಗೆ ಹೋಗುವುದು ರೂಢಿಯಾಯಿತು. ಈಗಿನ ತಿಂಗಳಿಗೊಮ್ಮೆ ಎಂಬುದು ಹಿಂದಿನದಕ್ಕಿಂತ ಹೆಚ್ಚೇ. ಬಟ್ಟಲಿನಲ್ಲಿ ಅನೇಕ ಕಡೆ ದ್ರಾಕ್ಷಾರಸದ ಬದಲು ಹುಳಿಯದ ದ್ರಾಕ್ಷಿ ರಸವನ್ನೇ ಕೊಡುತ್ತಾರೆ. ಮದ್ಯದ ಚಟದಿಂದ ಹೊರಬಂದವರನ್ನೂ ಮಕ್ಕಳನ್ನೂ ನೆನೆದು ಮಾಡಿಕೊಂಡ ಏರ್ಪಾಡು ಅದು. ದೀಕ್ಷಾಸ್ನಾನ ಆದವರೆಲ್ಲರಿಗೂ ಆಹ್ವಾನ ಇರುತ್ತದೆ, ನೀವು ಸಿಎಸ್‌ಐ ಎಂದು ಹಿಂಜರಿಯಬೇಕಾಗಿಲ್ಲ.

ತಿಂಗಳ ಕ್ರಮ ತಿಳಿಯಬೇಕಾದರೆ ಅಂಚೆ ಡಬ್ಬಿಗೆ ಬಂದು ಬೀಳುವ ‘ಗೆಮೈಂಡೆಬ್ರೀಫ್’ ಎಂಬ ಸಭಾಪತ್ರಿಕೆಯನ್ನು ಬಿಸಾಡಬೇಡಿ. ಮುಖಪುಟದಲ್ಲೋ ಒಳಗೋ ತಿಂಗಳ ವಚನ ಇರುತ್ತದೆ. ಹಲವು ಪಾದ್ರಿಗಳು ಅದರ ಮೇಲೆಯೇ ಒಂದು ಪುಟದ ಚಿಂತನೆ ಬರೆಯುತ್ತಾರೆ. ನಡುಪುಟದ ಕೋಷ್ಟಕದಲ್ಲಿ ಯಾವ ಭಾನುವಾರ ಯಾವ ಚರ್ಚು, ಯಾರ ಪ್ರಸಂಗ, ಕಾಣಿಕೆ ಯಾವುದಕ್ಕೆ ಎಂಬುದೆಲ್ಲ ಇರುತ್ತದೆ. ಪಾದ್ರಿಗಳ ಸಂಖ್ಯೆ ಕಡಿಮೆಯಾಗಿ ಎರಡು ಮೂರು ಸಭೆಗಳಿಗೆ ಒಬ್ಬರೇ ಆಗಿರುವ ಕಡೆ ಆರಾಧನೆ ಸರದಿಯಲ್ಲಿ ನಡೆಯುತ್ತದೆ. ನೀವು ಬೀಗ ಕಂಡದ್ದು ಅಂಥ ಭಾನುವಾರವೇ ಇರಬೇಕು. ವಾರದ ದಿನಗಳಲ್ಲಿ ಹಿರಿಯರ ಮಧ್ಯಾಹ್ನದ ಕೂಟ, ಗಾಯನವೃಂದದ ಅಭ್ಯಾಸ, ತುತ್ತೂರಿಯವರ ‘ಪೊಸೌನೆನ್‌ಕೋರ್’ ಇರುತ್ತವೆ. ನನ್ನ ಅಭಿಪ್ರಾಯದಲ್ಲಿ ಈ ಸೀಮೆಯ ಸಭಾಜೀವನದ ಉಸಿರು ಭಾನುವಾರದ ಬೆಂಚುಗಳಿಗಿಂತ ಆ ತುತ್ತೂರಿಗಳಲ್ಲೇ ಹೆಚ್ಚು ಕೇಳಿಸುತ್ತದೆ.

ಅಕ್ಟೋಬರ್ ಆರಂಭದ ಬೆಳೆಹಬ್ಬದಲ್ಲಿ ವೇದಿಯ ಮುಂದೆ ಕುಂಬಳಕಾಯಿ, ಸೇಬು, ರೊಟ್ಟಿ ಜೋಡಿಸುತ್ತಾರೆ. ನಮ್ಮ ಕಡೆಯಂತೆ ಕಾಣಿಕೆಯ ವಸ್ತುಗಳ ಹರಾಜಿನ ಗಲಾಟೆ ಮಾತ್ರ ಇಲ್ಲ. ನವೆಂಬರ್‌ನಲ್ಲಿ, ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನಕಾಲಕ್ಕೆ ಮುಂಚಿನ ಕೊನೆಯ ಭಾನುವಾರ, ಆ ವರ್ಷ ತೀರಿಕೊಂಡ ಸಭಿಕರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ, ಅನೇಕ ಸಭೆಗಳಲ್ಲಿ ಪ್ರತಿ ಹೆಸರಿಗೂ ಒಂದು ಮೇಣದಬತ್ತಿ ಹಚ್ಚುತ್ತಾರೆ. ಆ ದಿನ ತಪ್ಪಿಸಬೇಡಿ. ಚಳಿಗಾಲದಲ್ಲಿ ಒಮ್ಮೆ ಸ್ಟುಟ್‌ಗಾರ್ಟ್‌ನ ಲಿಯೊನ್‌ಹಾರ್ಡ್ ಚರ್ಚಿಗೂ ಹೋಗಿ ಬನ್ನಿ. ಅಲ್ಲಿ 1995ರಿಂದ ಪ್ರತಿವರ್ಷ ಕೆಲವು ವಾರ ಚರ್ಚಿನೊಳಗೇ ಮೇಜು ಹಾಕಿ, ಮನೆಯಿಲ್ಲದವರಿಗೂ ಬಡವರಿಗೂ ಅಲ್ಪ ಬೆಲೆಗೆ ಬಿಸಿಯೂಟ ಬಡಿಸುತ್ತಾರೆ.

ಚಿನ್ನದ ಗಣಿಯೂರಿನವನು ಉತ್ತರಿಸಿದ್ದು:

ಅಕ್ಕಾ, ಆಜ್ಞೆಗಳ ಲೆಕ್ಕದ ಬಗ್ಗೆ ನಾನು ಹೇಳಬಲ್ಲೆ. ನಾನು ಕೆಜಿಎಫ್‌ನ ತಮಿಳು ಲೂಥರನ್ ಸಭೆಯಲ್ಲಿ ಬೆಳೆದವನು. ಅಮೆರಿಕದ ಮಿಸೌರಿ ಸಿನೋಡ್ ಎಂಬ ಲೂಥರನ್ ಸಂಸ್ಥೆಯವರು 1895ರಲ್ಲಿ ಕೃಷ್ಣಗಿರಿಯಲ್ಲಿ ಆರಂಭಿಸಿದ ಕೆಲಸದ ಹಿನ್ನೆಲೆಯ ಸಭೆ ಅದು. ನಿಮ್ಮ ಅಜ್ಜಿಯೂ ಸರಿ, ಮಗಳೂ ಸರಿ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಆಜ್ಞೆಗಳಿವೆ, ಅವುಗಳ ಮುಂದೆ ಅಂಕಿಗಳಿಲ್ಲ. ವಿಗ್ರಹ ಮಾಡಿಕೊಳ್ಳಬಾರದು ಎಂಬುದನ್ನು ಬೇರೆ ಆಜ್ಞೆಯಾಗಿ ಎಣಿಸಿದರೆ ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸ್ಥಾನ ಕೆಳಗಿಳಿಯುತ್ತವೆ. ಆಂಗ್ಲಿಕನ್ನರು, ಮೆಥೊಡಿಸ್ಟರು, ಕ್ಯಾಲ್ವಿನನ ಪರಂಪರೆಯವರು ಎಣಿಸುವುದು ಹೀಗೆ. ಕ್ಯಾಥೊಲಿಕರೂ ಲೂಥರನ್ನರೂ ಸಂತ ಅಗಸ್ಟಿನನ ಎಣಿಕೆಯನ್ನು ಅನುಸರಿಸಿ, ವಿಗ್ರಹದ ಮಾತನ್ನು ಮೊದಲನೆಯ ಆಜ್ಞೆಯಲ್ಲೇ ಸೇರಿಸಿ, ಕೊನೆಯಲ್ಲಿ ನೆರೆಯವನ ಸ್ವತ್ತನ್ನು ಆಶಿಸಬಾರದು ಎಂಬುದನ್ನು ಎರಡಾಗಿ ಒಡೆದು ಹತ್ತು ತುಂಬಿಸುತ್ತಾರೆ. ಹಾಗಾಗಿ ಕಳ್ಳತನ ನಮಗೆ ಏಳು, ನಿಮಗೆ ಎಂಟು.

ನಾನು ಕಲಿತದ್ದು ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರಿಯಿಂದ. ಊರೂರು ಸುತ್ತಿ ಸಭೆಗಳನ್ನು ಪರೀಕ್ಷಿಸಿದಾಗ ಜನರಿಗಿರಲಿ, ಕೆಲವು ಪಾದ್ರಿಗಳಿಗೂ ಮೂಲಪಾಠಗಳು ಬರುತ್ತಿರಲಿಲ್ಲ ಎಂಬುದನ್ನು ಕಂಡು, ಮನೆಯ ಯಜಮಾನನು ಮಕ್ಕಳಿಗೂ ಆಳುಗಳಿಗೂ ಕಲಿಸಲೆಂದು ಬರೆದದ್ದು ಅದು. ಪ್ರತಿ ವಾಕ್ಯದ ಕೆಳಗೂ ಒಂದೇ ಪ್ರಶ್ನೆ: “ಇದೇನು?” ನಮ್ಮ ಉಪದೇಶಿಗಳು ಶನಿವಾರ ಸಂಜೆ ನಮ್ಮನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಆ ಪ್ರಶ್ನೆ ಕೇಳುತ್ತಿದ್ದರು, ತಡವರಿಸಿದರೆ ಸೀಮೆಸುಣ್ಣದಿಂದಲೇ ಮಂಡಿಗೆ ಒಂದು ಗೆರೆ. ಮೂರು ಗೆರೆ ಬಿದ್ದವನು ಬೆಂಚು ಒರೆಸಬೇಕಿತ್ತು. ನಾನು ಬಹಳ ಬೆಂಚು ಒರೆಸಿದ್ದೇನೆ.

ಕದಿಯಬಾರದು ಎಂಬುದರ ವಿವರಣೆಯನ್ನು ನಿಮ್ಮ ಮಗಳಿಂದ ಕೇಳಿ ನೋಡಿ. ನೆರೆಯವನ ಹಣವನ್ನಾಗಲಿ ಸಾಮಾನನ್ನಾಗಲಿ ತೆಗೆಯಬಾರದು ಎಂಬಲ್ಲಿಗೆ ಲೂಥರ್ ನಿಲ್ಲುವುದಿಲ್ಲ. ಕಳಪೆ ಮಾಲಿನಿಂದಲೋ ಮೋಸದ ವ್ಯಾಪಾರದಿಂದಲೋ ಅದನ್ನು ಲಪಟಾಯಿಸಬಾರದು, ಬದಲಿಗೆ ಅವನ ಸ್ವತ್ತೂ ಜೀವನೋಪಾಯವೂ ಏಳಿಗೆಯಾಗುವಂತೆ ನೆರವಾಗಬೇಕು ಎನ್ನುತ್ತಾನೆ. ನಿಷೇಧದಲ್ಲಿ ಆರಂಭವಾಗಿ ನೆರವಿನಲ್ಲಿ ಮುಗಿಯುವ ಈ ರೀತಿ ಬಹುತೇಕ ಆಜ್ಞೆಗಳ ವಿವರಣೆಯಲ್ಲಿ ಇದೆ. ಚಾಪೆಯ ಮೇಲೆ ಕುಳಿತಿದ್ದಾಗ ಬರೀ ಬಾಯಿಪಾಠ. ಗಣಿ 2001ರಲ್ಲಿ ಮುಚ್ಚಿದ ಮೇಲೆ, ಕೆಲಸ ಹೋದ ಮನೆಗಳ ಸಾಮಾನನ್ನು ಅರ್ಧ ಬೆಲೆಗೆ ಕೊಳ್ಳಲು ಬಂದವರನ್ನು ನೋಡುತ್ತಿದ್ದಾಗ ಆ ಸಾಲುಗಳು ನನಗೆ ನೆನಪಾದವು.

ನೆಕ್ಕರ್ ದಂಡೆ ಸೇರಿಸಿದ್ದು:

ಗಣಿಯೂರಿನವರ ಮಾತಿಗೆ ಒಂದು ಸಣ್ಣ ತಿದ್ದುಪಡಿ. ಈ ಸೀಮೆಯಲ್ಲಿ ಲೂಥರನ ಪ್ರಶ್ನೋತ್ತರಿಯ ಜೊತೆಗೆ ಇಲ್ಲಿಯವರೇ ಆದ ಸುಧಾರಕ ಯೋಹಾನ್ನೆಸ್ ಬ್ರೆಂಟ್ಸ್ ಬರೆದದ್ದೂ ಬಳಕೆಯಲ್ಲಿದೆ. ಲೂಥರ್ ಹತ್ತು ಆಜ್ಞೆಗಳಿಂದ ಆರಂಭಿಸಿದರೆ ಬ್ರೆಂಟ್ಸ್ ಮೊದಲು ಕೇಳುವುದು, “ನೀನು ಯಾವ ವಿಶ್ವಾಸದವನು?” ಎಂದು. ಉತ್ತರ, “ನಾನು ಕ್ರೈಸ್ತನು.” ಏಕೆ ಎಂದರೆ, ಯೇಸು ಕ್ರಿಸ್ತನನ್ನು ನಂಬುತ್ತೇನೆ, ಆತನ ಹೆಸರಿನಲ್ಲಿ ದೀಕ್ಷಾಸ್ನಾನ ಹೊಂದಿದ್ದೇನೆ. ಅವನ ಕ್ರಮದಲ್ಲಿ ಆಜ್ಞೆಗಳು ಬರುವುದು ವಿಶ್ವಾಸಪ್ರಮಾಣವೂ ಕರ್ತನ ಪ್ರಾರ್ಥನೆಯೂ ಆದ ನಂತರ. ಏನು ಮಾಡಬೇಕು ಎಂಬುದಕ್ಕಿಂತ ಮುಂಚೆ ನೀನು ಯಾರವನು ಎಂದು ತಿಳಿಸುವ ಈ ಕ್ರಮ ಮಕ್ಕಳಿಗೆ ಹೆಚ್ಚು ಒಗ್ಗುತ್ತದೆ ಎಂದು ನನ್ನ ಅನಿಸಿಕೆ. ಲೂಥರನ ಪಕ್ಷದವರು ಜಗಳಕ್ಕೆ ಬರಬಹುದು.

ಬಾಯಿಪಾಠ ಈಗ ಕಡಿಮೆ. ಒಂದು ಶನಿವಾರ ಸ್ಮಶಾನಕ್ಕೆ ಕರೆದೊಯ್ದು ಕಲ್ಲುಗಳ ಮೇಲಿನ ವಚನಗಳನ್ನು ಓದಿಸುತ್ತಾರೆ, ಒಂದು ವಾರಾಂತ್ಯ ಹೊರಗೆ ತಂಗುತ್ತಾರೆ, ಇಂತಿಷ್ಟು ಭಾನುವಾರ ಆರಾಧನೆಗೆ ಬಂದದ್ದಕ್ಕೆ ಚೀಟಿಯಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ವಸಂತದಲ್ಲಿ ದೃಢೀಕರಣದ ದಿನ ಮಗು ತಾನೇ ಆರಿಸಿಕೊಂಡ ಒಂದು ವಚನವನ್ನು ಪಾದ್ರಿ ಓದಿ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಈ ದೇಶದ 1921ರ ಕಾನೂನಿನ ಪ್ರಕಾರ 14 ತುಂಬಿದ ಮಗು ತನ್ನ ಧರ್ಮವನ್ನು ತಾನೇ ನಿರ್ಧರಿಸಬಹುದು. ಹಾಗಾಗಿ ಪಾದ್ರಿ “ನಿನಗೆ ಇಷ್ಟವಿದೆಯೇ” ಎಂದು ನಿಮ್ಮನ್ನು ಬಿಟ್ಟು ಅವಳನ್ನೇ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಆರು ವರ್ಷಕ್ಕೊಮ್ಮೆ ನಡೆಯುವ ಸಭಾಮಂಡಳಿಯ ಚುನಾವಣೆಯಲ್ಲಿ ಮತ ಹಾಕುವ ವಯಸ್ಸೂ ಇಲ್ಲಿ 14.

ಸಂಬಳದ ಚೀಟಿ ಉತ್ತರಿಸಿದ್ದು:

ಮೇಡಂ, ನಿಮ್ಮಿಂದ ಏನು ನಿರೀಕ್ಷಿಸುತ್ತಾರೆ ಎಂದು ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ನಿಮ್ಮ ಯಜಮಾನರ ಸಂಬಳದ ಚೀಟಿಯಲ್ಲಿ ‘ಕಿರ್ಖೆನ್‌ಸ್ಟೊಯರ್’ ಎಂಬ ಸಾಲನ್ನು ನೋಡಿ. ಅದು ಚರ್ಚ್ ತೆರಿಗೆ. ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿಯೂ ಬವೇರಿಯಾದಲ್ಲಿಯೂ ಅದು ಆದಾಯ ತೆರಿಗೆಯ ಮೇಲೆ ಶೇ. 8, ಉಳಿದ ರಾಜ್ಯಗಳಲ್ಲಿ ಶೇ. 9. ಆದಾಯದ ಮೇಲಲ್ಲ, ಆದಾಯ ತೆರಿಗೆಯ ಮೇಲೆ. ವರ್ಷಕ್ಕೆ 6,000 ಯೂರೊ ಆದಾಯ ತೆರಿಗೆ ಬರುವವರಿಗೆ ಇದು 480 ಯೂರೊ. ನಾನು ಅದೇ ಕಾಲಮ್ಮನ್ನು ಯೋಚಿಸದೆ ತುಂಬಿ, ಏಳು ತಿಂಗಳ ಮೇಲೆ ಈ ಸಾಲನ್ನು ಗಮನಿಸಿ, ನನ್ನ ಕಂಪನಿಯ ಲೆಕ್ಕದವರೊಡನೆ ವ್ಯರ್ಥವಾಗಿ ವಾದಿಸಿದವನು. ಅವರ ತಪ್ಪೇನೂ ಇರಲಿಲ್ಲ. ವಾರ್ಷಿಕ ತೆರಿಗೆ ಲೆಕ್ಕದಲ್ಲಿ ಈ ಮೊತ್ತವನ್ನು ವಿಶೇಷ ವೆಚ್ಚವಾಗಿ ತೋರಿಸಬಹುದು, ಮರೆಯಬೇಡಿ. ಇದಲ್ಲದೆ ಸಭೆಯಿಂದ ವರ್ಷಕ್ಕೊಮ್ಮೆ ‘ಸ್ವಇಚ್ಛೆಯ ವಂತಿಗೆ’ಯ ಪತ್ರ ಬರುತ್ತದೆ, ಅದು ನಿಜಕ್ಕೂ ಸ್ವಇಚ್ಛೆಯದೇ.

ಮೈಸೂರಿನ ಅಮ್ಮ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಸಂಬಳದ ಚೀಟಿ ತೆಗೆದು ನೋಡಿದೆವು, ಆ ಸಾಲು ಇದೆ. ಮೈಸೂರಿನಲ್ಲಿ ತಿಂಗಳ ವಂತಿಗೆಯ ಪುಸ್ತಕ ಹಿಡಿದು ಮನೆಗೆ ಬರುತ್ತಿದ್ದ ಹಿರಿಯರನ್ನು ಕೂರಿಸಿ ಕಾಫಿ ಕೊಡುತ್ತಿದ್ದೆವು. ಇಲ್ಲಿ ಹಣ ಹೋದದ್ದೇ ಗೊತ್ತಾಗಿಲ್ಲ. ಅಜ್ಜಿಗೆ ಎರಡೂ ಎಣಿಕೆಯನ್ನು ವಿವರಿಸಿದೆ. “ಹಾಗಾದರೆ ಆಶಿಸಬಾರದು ಅನ್ನೋದನ್ನ ಅವರು ಎರಡು ಸಲ ಹೇಳ್ತಾರಾ? ಒಳ್ಳೇದೇ” ಎಂದರು.

ಒಂದು ಕೊನೆಯ ಪ್ರಶ್ನೆ. ಮಗಳು ತನ್ನ ವಚನವನ್ನು ಕನ್ನಡ ಬೈಬಲಿನಿಂದ ಓದಿಸಬೇಕೆಂದು ಆಸೆಪಡುತ್ತಿದ್ದಾಳೆ. ಪಾದ್ರಿಯನ್ನು ಕೇಳಿದರೆ ತಪ್ಪಾಗುತ್ತದೆಯೇ?

ನೆಕ್ಕರ್ ದಂಡೆ ಉತ್ತರಿಸಿದ್ದು:

ಧಾರಾಳವಾಗಿ ಕೇಳಲಿ, ಅವಳೇ ಕೇಳಲಿ. ನನ್ನ ಮಗನ ದೃಢೀಕರಣದಲ್ಲಿ ಪಾದ್ರಿ ಜರ್ಮನ್ನಿನಲ್ಲಿ ಓದಿದ ಮೇಲೆ ನಾನು ಅದೇ ವಚನವನ್ನು ಕನ್ನಡದಲ್ಲಿ ಓದಿದೆ. ಅಧ್ಯಾಯ, ವಚನಗಳ ಅಂಕಿಯನ್ನು ಮಾತ್ರ ಎರಡೂ ಬೈಬಲಿನಲ್ಲಿ ಹೋಲಿಸಿ ನೋಡಿಕೊಳ್ಳಿ. ಕೀರ್ತನೆಗಳಲ್ಲಿ ಜರ್ಮನ್ ಎಣಿಕೆ ಕೆಲವೊಮ್ಮೆ ಒಂದು ವಚನ ಮುಂದಿರುತ್ತದೆ. ಮತ್ತೆ ಅಜ್ಜಿಯ ಫೋನು ಬಂದೀತು.