ಪದಚರ್ಚೆ: ಪ್ರೊಸೆಸರ್‌ನ ‘ಲಿಕ್ವಿಡ್ ಕೂಲರ್’ಗೆ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಪ್ರಶ್ನೆ, ಬೆಂಗಳೂರಿನಿಂದ

ಗೆಳೆಯರೇ,

ಒಂದು ಪದ ಬೇಕು, ಬೇಗ ಬೇಕು. ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರ್‌ನ (ಲೆಕ್ಕ ಮಾಡುವ ಮುಖ್ಯ ಚಿಪ್) ಬಿಸಿ ಇಳಿಸಲು ಹಾಕುವ ಚಿಕ್ಕ ಲಿಕ್ವಿಡ್ ಕೂಲರ್ ಒಂದರ ವಿಮರ್ಶೆ ಬರೆಯುತ್ತಿದ್ದೇನೆ. ಪುಟ ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಓಡಿಸಿ ನೋಡಿದ್ದಾಯಿತು, ಬರಹವೂ ಮುಕ್ಕಾಲು ಪಾಲು ಆಗಿದೆ. ಹೆಸರಿನ ಹತ್ತಿರವೇ ನಿಂತಿದ್ದೇನೆ.

ವಸ್ತು ಹೀಗಿದೆ. ಪ್ರೊಸೆಸರ್ ಮೇಲೆ ಕೂರುವ ಒಂದು ದಪ್ಪ ಬಿಲ್ಲೆ. ತಳ ತಾಮ್ರದ್ದು. ತಾಮ್ರದ ಒಳಮೈಯಲ್ಲಿ ಬಹಳ ಸಣ್ಣ ಗೀರುಗಳು, ಅವುಗಳ ಒಳಗೆ ನೀರು ಹರಿಯುತ್ತದೆ. ಅದೇ ಬಿಲ್ಲೆಯೊಳಗೆ ಪುಟ್ಟ ಪಂಪೂ ಇದೆ. ಅಲ್ಲಿಂದ ಎರಡು ರಬ್ಬರ್ ಕೊಳವೆ ಹೊರಟು ಅಲ್ಯೂಮಿನಿಯಂ ರೇಡಿಯೇಟರ್‌ಗೆ ಸೇರುತ್ತವೆ. ಅದಕ್ಕೆ ಅಂಟಿಕೊಂಡಂತೆ 120 ಮಿ.ಮೀ. ಫ್ಯಾನ್. ಒಳಗಿರುವುದು ಬರೀ ನೀರಲ್ಲ, ಗ್ಲೈಕಾಲ್ ಮತ್ತು ತುಕ್ಕು ತಡೆಯುವ ಪದಾರ್ಥ ಬೆರೆಸಿದ ನೀರು. ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ. ನಾವು ಬಿಚ್ಚುವಂತಿಲ್ಲ, ತುಂಬುವಂತಿಲ್ಲ. 2009ರಲ್ಲಿ ಕೋರ್ಸೇರ್ ಎಚ್50 ಬಂದ ಮೇಲೆ ಈ ಬಗೆ ಮನೆಮನೆಯ ಕಂಪ್ಯೂಟರಿಗೆ ಇಳಿಯಿತು. ಅದನ್ನು ಮಾಡಿಕೊಟ್ಟಿದ್ದು ಡೆನ್ಮಾರ್ಕ್‌ನ ಅಸೆಟೆಕ್. ಅದೂ 120 ಮಿ.ಮೀ.ದೇ.

ಇಲ್ಲಿನ ಕಂಪ್ಯೂಟರ್ ಪಾರ್ಟ್ಸ್ ಪೇಟೆ ಎಸ್.ಪಿ. ರೋಡ್‌ನಲ್ಲಿ ‘ಲಿಕ್ವಿಡ್ ಕೂಲರ್’, ‘ಎಐಒ’ (ಆಲ್-ಇನ್-ಒನ್) ಅಂತಾರೆ. ನಮ್ಮ ಓದುಗರಲ್ಲಿ ಅಲ್ಲಿ ಓಡಾಡಿ ಪಾರ್ಟ್ಸ್ ಕೊಳ್ಳುವ ಹುಡುಗರೂ ಇದ್ದಾರೆ, ಮಗಳಿಗೆ ಕಂಪ್ಯೂಟರ್ ಜೋಡಿಸಿಕೊಡಬೇಕು ಅಂತ ಹೊರಟ ಮೇಷ್ಟ್ರುಗಳೂ ಇದ್ದಾರೆ. ಇಬ್ಬರಿಗೂ ಹಿಡಿಸುವ ಪದ ಬೇಕು. ಸಹೋದ್ಯೋಗಿ ಒಬ್ಬರು ‘ದ್ರವತಣಿಪ’ ಅಂದರು. ನನಗೆ ನಾಲಿಗೆ ಹೊರಳಲಿಲ್ಲ. ಇಡೀ ಸಾಧನಕ್ಕೆ ಏನನ್ನೋಣ? ರೇಡಿಯೇಟರ್‌ಗೆ? ‘ಕೂಲಿಂಗ್’ ಎಂಬ ಕೆಲಸಕ್ಕೆ? ಈ ಮೂರನೆಯದು ಬರಹದಲ್ಲಿ ಪ್ಯಾರಾಕ್ಕೊಂದು ಸಲ ಬರುತ್ತದೆ, ಅದೇ ಮುಖ್ಯ.

ಉತ್ತರ, ಮೈಸೂರಿನಿಂದ

ದ್ರವಶೀತಕ. ಕೆಲಸಕ್ಕೆ ಶೀತಲೀಕರಣ. ರೇಡಿಯೇಟರ್‌ಗೆ ವಿಕಿರಕ. ಎಲ್ಲ ಇರುವ ಪದಗಳೇ. ವಿಜ್ಞಾನ ಪಠ್ಯ ಓದಿದವರಿಗೆ ಗೊತ್ತಿರುತ್ತವೆ. ಇದರಲ್ಲಿ ಚರ್ಚೆಗೆ ಏನಿದೆ?

ಉತ್ತರ, ಧಾರವಾಡದಿಂದ

ಇದೆ ಸರ್, ಬೇಕಾದಷ್ಟಿದೆ.

‘ವಿಕಿರಕ’ ತಪ್ಪು. ಪದ ಕಷ್ಟ ಅಂತ ಹೇಳುತ್ತಿಲ್ಲ, ತಪ್ಪು ಅನ್ನುತ್ತಿದ್ದೇನೆ. ಲಾರಿಯಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಈ ಭಾಗ ಬಿಸಿಯನ್ನು ಹೊರಹಾಕುವುದು ಬಹುಪಾಲು ವಿಕಿರಣದಿಂದ ಅಲ್ಲ. ನೀರಿನ ಬಿಸಿ ಅಲ್ಯೂಮಿನಿಯಂ ಎಸಳುಗಳಿಗೆ ಹೋಗುತ್ತದೆ, ಎಸಳುಗಳ ನಡುವೆ ನುಗ್ಗುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಫ್ಯಾನ್ ನಿಲ್ಲಿಸಿ ನೋಡಿ. ವಿಕಿರಣ ಎಂದಿನಂತೆ ಇರುತ್ತದೆ, ಪ್ರೊಸೆಸರ್ ಮಾತ್ರ ಏದುಸಿರು ಬಿಡುತ್ತದೆ. ಇಂಗ್ಲಿಷಿನವರು ಹೆಸರಿಡುವಾಗ ಎಡವಿದ್ದಾರೆ. ಅದೇ ತಪ್ಪನ್ನು ಸಂಸ್ಕೃತದಲ್ಲಿ ಬರೆದುಕೊಂಡರೆ ಅದು ಕನ್ನಡವಾಗುತ್ತದಾ?

ಮೇಲಾಗಿ ವಿಕಿರಣ ಅಂದ ಕೂಡಲೇ ನಮ್ಮ ಜನಕ್ಕೆ ಕೈಗಾ ನೆನಪಾಗುತ್ತದೆ. ಮೇಜಿನ ಮೇಲಿನ ಡಬ್ಬಿಯಲ್ಲಿ ವಿಕಿರಕ ಇದೆ ಅಂತ ಓದಿದ ತಾಯಿ ಮಗಳನ್ನು ಅದರ ಹತ್ತಿರ ಕೂರಿಸುವುದಿಲ್ಲ.

ರೇಡಿಯೇಟರ್ ಅನ್ನಿ. ಟ್ರ್ಯಾಕ್ಟರ್ ಇರುವ ಪ್ರತಿ ಊರಿಗೂ ಆ ಪದ ಗೊತ್ತು. ಅದಕ್ಕೆ ನೀರು ಹಾಕುವುದು ಗೊತ್ತು, ಅದು ಕಟ್ಟಿಕೊಂಡರೆ ಏನಾಗುತ್ತದೆ ಅನ್ನುವುದೂ ಗೊತ್ತು.

ಉತ್ತರ, ಶಿವಮೊಗ್ಗದಿಂದ

‘ದ್ರವತಣಿಪ’ ಅರಿಸಮಾಸ. ದ್ರವ ಸಂಸ್ಕೃತ, ತಣಿಪು ಕನ್ನಡ. 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಕೂಡದು ಎಂದ ಬೆರಕೆ. ಅದನ್ನು ಬಿಡಿ.

ಆದರೆ ಸಹೋದ್ಯೋಗಿಯ ಅರ್ಧ ಸರಿ ಇದೆ. ತಣಿಪು ಹಳಗನ್ನಡದ ಒಳ್ಳೆಯ ಪದ. ತಣ್ ಎಂಬ ಬೇರಿನಿಂದ ತಣ್ಣೀರು, ತಂಪು, ತಣಿ, ತಣಿವು ಎಲ್ಲ ಹುಟ್ಟಿವೆ. ನೀರ್ ಸೇರಿಸಿ. ಆದೇಶ ಸಂಧಿಯಾಗಿ ತಕಾರ ದಕಾರವಾಗುತ್ತದೆ. ನೀರ್ದಣಿಪ. ಎರಡೂ ಕನ್ನಡ, ಸಂಧಿಯೂ ಸರಿ. ‘ಕೂಲರ್’ ಅನ್ನುವವರಿಗೆ ಹೇಳುವುದಿಷ್ಟೇ: ತಂಪಿಗೆ ಪದ ಇಲ್ಲದ ಭಾಷೆ ನಮ್ಮದಲ್ಲ.

ಉತ್ತರ, ಮಂಗಳೂರಿನಿಂದ

ನೀರ್ದಣಿಪ ಅಂದರೆ ನೀರನ್ನು ದಣಿಸುವುದು ಅಂತ ಓದಿಕೊಂಡೆ. ಎಲ್ಲರೂ ಹಾಗೇ ಓದುತ್ತಾರೆ. ಸಂಧಿ ಸರಿ ಇದ್ದು ಅರ್ಥ ಕೆಟ್ಟರೆ ಆ ಪದ ಬೇಡ.

ಅರಿಸಮಾಸದ ಮಾತು ಬಂತಲ್ಲ, ‘ಮಳೆಗಾಲ’ದಲ್ಲಿ ‘ಕಾಲ’ ಯಾವ ಭಾಷೆಯದು? ಬಳಕೆಯಲ್ಲಿ ಕೂತ ಸಮಾಸಕ್ಕೆ ಕೇಶಿರಾಜನೇ ದಾರಿ ಬಿಟ್ಟಿದ್ದಾನೆ. ಹಳೆಯ ಕವಿಗಳ ಪ್ರಯೋಗವನ್ನೂ ಬಿರುದಾವಳಿಯನ್ನೂ ಒಪ್ಪಿದ್ದಾನೆ. ಅವನ ಅರ್ಧ ಸೂತ್ರ ಹಿಡಿದುಕೊಂಡು ಬೇರೆಯವರ ಬಾಯಿ ಮುಚ್ಚಿಸಬೇಡಿ.

ಉತ್ತರ, ಕಲಬುರಗಿಯಿಂದ

ನೀವೆಲ್ಲ ಸಮಾಸದಲ್ಲಿ ಮುಳುಗಿದ್ದೀರಿ. ವಿಮರ್ಶೆ ಓದುವವರ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ನಮ್ಮ ಕಡೆ ‘ಕೂಲರ್’ ಅಂದರೆ ಒಂದೇ. ಬೇಸಿಗೆಯಲ್ಲಿ ಕಿಟಕಿಗೆ ಇಡುವ ದೊಡ್ಡ ಡಬ್ಬಿ. ಮೂರು ಕಡೆ ಹುಲ್ಲಿನ ಪ್ಯಾಡ್, ಕೆಳಗೆ ನೀರಿನ ತೊಟ್ಟಿ, ತೊಟ್ಟಿಯಲ್ಲಿ ಸಣ್ಣ ಪಂಪ್. ನೀರು ಪ್ಯಾಡ್ ಮೇಲೆ ಸುರಿಯುತ್ತದೆ, ಫ್ಯಾನ್ ಗಾಳಿ ಎಳೆಯುತ್ತದೆ. ಬೆಳಗ್ಗೆ ಸಂಜೆ ನೀರು ತುಂಬಬೇಕು. ನೋಡಿ, ಪಂಪ್ ಇದೆ, ನೀರಿದೆ, ಫ್ಯಾನ್ ಇದೆ. ಬೆಂಗಳೂರಿನವರು ಹೇಳುವ ಸಾಧನದಲ್ಲೂ ಇವೇ ಇವೆ. ‘ನೀರಿನ ಕೂಲರ್’ ಅಂತ ಬರೆದರೆ ನಮ್ಮ ಹುಡುಗ ಮೊದಲು ಕೇಳುವುದು ‘ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು’ ಅಂತಲೇ.

ಕೆಲಸದಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ನಮ್ಮ ಕಿಟಕಿ ಕೂಲರ್‌ನಲ್ಲಿ ನೀರು ಆವಿಯಾಗುತ್ತದೆ. ಆವಿಯಾಗುವಾಗ ಗಾಳಿಯ ಬಿಸಿ ಹೀರುತ್ತದೆ. ಅದಕ್ಕೇ ಹೊರಗಿನ ಗಾಳಿಗಿಂತ ತಂಪಾದ ಗಾಳಿ ಬರುತ್ತದೆ. ಪ್ರೊಸೆಸರ್‌ನದ್ದರಲ್ಲಿ ಆವಿ ಗೀವಿ ಏನಿಲ್ಲ, ನೀರು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ ಅಷ್ಟೇ. ಅದು ಎಷ್ಟೇ ತಿಪ್ಪರಲಾಗ ಹಾಕಿದರೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಮೇ ತಿಂಗಳಲ್ಲಿ ನಮ್ಮ ಕೋಣೆ 42 ಡಿಗ್ರಿ ಇದ್ದರೆ ಅದರ ಆಟ ಶುರುವಾಗುವುದೇ 42ರಿಂದ ಮೇಲೆ. ‘ತಂಪು’, ‘ಶೀತ’ ಅಂತ ಬರೆದು ನಮಗೆ ಆಸೆ ಹುಟ್ಟಿಸಬೇಡಿ. ಬೆಂಗಳೂರಿನ ಕೋಣೆಯಲ್ಲಿ ಅಳೆದ ಅಂಕಿಯನ್ನು ಹಾಗೇ ಅಚ್ಚು ಹಾಕಲೂ ಬೇಡಿ. ಕೋಣೆಗಿಂತ ಎಷ್ಟು ಡಿಗ್ರಿ ಜಾಸ್ತಿ ಅಂತ ಬರೆಯಿರಿ. ನಮ್ಮ ಲೆಕ್ಕ ನಾವು ಹಾಕಿಕೊಳ್ಳುತ್ತೇವೆ.

ಮರು, ಬೆಂಗಳೂರಿನಿಂದ

ಕಲಬುರಗಿ ಮೇಡಂ, ಇದು ತುಂಬ ಉಪಯೋಗಕ್ಕೆ ಬಂತು. ನನ್ನ ಕೋಣೆ 28 ಡಿಗ್ರಿ ಇತ್ತು, ಭಾರ ಹಾಕಿದಾಗ, ಅಂದರೆ ಪೂರ್ತಿ ಕೆಲಸ ಕೊಟ್ಟಾಗ, ಪ್ರೊಸೆಸರ್ 76ಕ್ಕೆ ನಿಂತಿತು. ಅಂದರೆ ಕೋಣೆಗಿಂತ 48 ಜಾಸ್ತಿ. ನಿಮ್ಮ 42ಕ್ಕೆ ಕೂಡಿಸಿದರೆ 90. ಹಲವು ಪ್ರೊಸೆಸರ್‌ಗಳು 90ರಿಂದ 100ರ ನಡುವೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ಈ ಮಾತು ಬರಹದಲ್ಲಿ ಬರಲೇಬೇಕು, ಬರೆಯುತ್ತೇನೆ.

ಇನ್ನೊಂದು ವಿಷಯ. ಯಂತ್ರ ಭಾರದಲ್ಲಿ ಓಡುವಾಗ ಎರಡೂ ಕೊಳವೆ ಹಿಡಿದು ನೋಡಿದೆ. ಒಂದು ಬಿಸಿ, ಒಂದು ತಣ್ಣಗೆ ಇರುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಎರಡೂ ಒಂದೇ ರೀತಿ ಉಗುರುಬೆಚ್ಚಗೆ. ನೀರು ಬೇಗ ಬೇಗ ಸುತ್ತುವುದರಿಂದ ಹೋಗುವ ನೀರಿಗೂ ಬರುವ ನೀರಿಗೂ ಕೈಗೆ ತಿಳಿಯುವಷ್ಟು ವ್ಯತ್ಯಾಸ ಇರುವುದಿಲ್ಲ. ಇದು ತಿಳಿಯದೆ ಪಂಪ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತರುವವರು ಇದ್ದಾರೆ. ತಣ್ಣನೆಯ ಭಾಗ ಇಡೀ ಸಾಧನದಲ್ಲಿ ಎಲ್ಲೂ ಇಲ್ಲ. ಹಾಗಿರುವಾಗ ‘ಶೀತಕ’ ಅಂತ ಹೇಗೆ ಬರೆಯಲಿ?

ಉತ್ತರ, ತುಮಕೂರಿನಿಂದ

ನೀವೆಲ್ಲ ತಣ್ ಬೇರಿನ ಸುತ್ತಲೇ ಸುತ್ತುತ್ತಿದ್ದೀರಿ. ಬೇಕಾದ ಬೇರು ಅದಲ್ಲ. ‘ಆರು’.

ಹಾಲು ಆರಿದ ಮೇಲೆ ಹೆಪ್ಪು ಹಾಕು. ಆರಿದ ಕಾಫಿ ಯಾರಿಗೆ ಬೇಕು. ಬಿಸಿ ಆರಲಿ, ಆಮೇಲೆ ಕುಡಿ. ಇಲ್ಲೆಲ್ಲ ಆರುವುದು ಅಂದರೆ ಏನು? ಕೋಣೆಯ ಮಟ್ಟದ ಕಡೆಗೆ ಇಳಿಯುವುದು. ಆರಿದ ಕಾಫಿ ಕೋಣೆಗಿಂತ ತಣ್ಣಗಿರುವುದಿಲ್ಲ. ಕೋಣೆಗಿಂತ ತಣ್ಣಗಿದ್ದರೆ ನಾವು ತಂಪು ಅನ್ನುತ್ತೇವೆ: ತಂಪು ಪಾನೀಯ. ಕಲಬುರಗಿಯವರು ಹೇಳಿದ ವ್ಯತ್ಯಾಸ ನಮ್ಮ ಎರಡು ಬೇರುಗಳಲ್ಲಿ ಮೊದಲಿನಿಂದಲೂ ಕೂತಿದೆ. ಕಿಟಕಿ ಕೂಲರ್ ತಂಪು ಮಾಡುತ್ತದೆ. ಪ್ರೊಸೆಸರ್‌ನ ಸಾಧನ ಆರಿಸುತ್ತದೆ. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಹಚ್ಚಿ ಗೊಂದಲ ಮಾಡಿಕೊಂಡಿದ್ದಾರೆ. ನಮಗೆ ಆ ಗತಿ ಬಂದಿಲ್ಲ.

ಹಳಗನ್ನಡದಲ್ಲಿ ಇದು ಆಱು, ಶಕಟರೇಫದ್ದು, ಅಂದರೆ ಈಗ ಬಳಕೆ ತಪ್ಪಿದ ‘ಱ’ ಅಕ್ಷರದ್ದು. ತಮಿಳಿನಲ್ಲೂ ಇದೇ ಅರ್ಥದಲ್ಲಿ ಇವತ್ತಿಗೂ ಓಡಾಡುತ್ತಿದೆ. ಇದಕ್ಕಿಂತ ಗಟ್ಟಿ ಪದ ಇನ್ನೆಲ್ಲಿ ಸಿಗುತ್ತದೆ?

ಉತ್ತರ, ಮೈಸೂರಿನಿಂದ

‘ಪ್ರೊಸೆಸರ್ ಆರಿಸುವ ಸಾಧನ’ ಅಂತ ಬರೆದು ನೋಡಿ. ಪ್ರೊಸೆಸರ್ ಆಯ್ಕೆ ಮಾಡುವುದು ಅಂತ ಒಬ್ಬ ಓದುತ್ತಾನೆ. ದೀಪ ಆರಿಸಿದಂತೆ ಪ್ರೊಸೆಸರ್ ಆಫ್ ಮಾಡುವುದು ಅಂತ ಇನ್ನೊಬ್ಬ ಓದುತ್ತಾನೆ. ಪಾರಿಭಾಷಿಕ ಪದಕ್ಕೆ ಒಂದೇ ಅರ್ಥ ಇರಬೇಕು. ಸಂಸ್ಕೃತದ ಕಡೆ ಹೋಗುವುದು ಸುಮ್ನೆ ಪಾಂಡಿತ್ಯ ತೋರಿಸುವುದಕ್ಕಲ್ಲ, ಇದಕ್ಕೇ.

ಉತ್ತರ, ತುಮಕೂರಿನಿಂದ

ಒಂಟಿಯಾಗಿ ಬಿಟ್ಟರೆ ಹಾಗೆ ಆಗುತ್ತದೆ, ಒಪ್ಪಿದೆ. ಒಂಟಿಯಾಗಿ ಬಿಡಬೇಡಿ. ಏನು ಆರುತ್ತದೋ ಅದನ್ನು ಹಿಂದೆ ಸೇರಿಸುವುದು ಕನ್ನಡದ ದಾರಿ. ಬಾಯಾರು, ದಣಿವಾರು. ‘ದಣಿವಾರಿಸಿಕೊಳ್ಳಿ’ ಅಂದರೆ ದಣಿವನ್ನು ಆಯ್ದುಕೊಳ್ಳಿ ಅಂತ ಯಾರಾದರೂ ತಿಳಿಯುತ್ತಾರಾ? ಹಾಗೆಯೇ ಬಿಸಿಯಾರು, ಬಿಸಿಯಾರಿಸು. ಬಾಯಾರಿಕೆ ಇದ್ದಂತೆ ಬಿಸಿಯಾರಿಕೆ. ‘ಕೂಲಿಂಗ್’ ಎಂಬ ಕೆಲಸಕ್ಕೆ ಇದೇ ನಾಮಪದ. ಅರಿಸಮಾಸವೂ ಅಲ್ಲ.

ಉತ್ತರ, ಶಿವಮೊಗ್ಗದಿಂದ

ಬಿಸಿಯಾರಿಕೆ ಚೆನ್ನಾಗಿದೆ. ನನ್ನ ನೀರ್ದಣಿಪ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಪಂಪ್, ರೇಡಿಯೇಟರ್, ಫ್ಯಾನ್ ಎಲ್ಲ ಹಾಗೇ ಉಳಿದವಲ್ಲ? ಒಂದು ಕನ್ನಡ ಪದದ ಸುತ್ತ ಹತ್ತು ಹೊರಗಿನವು ಕೂತರೆ ಕನ್ನಡದಲ್ಲಿ ಉಳಿಯುವುದು ಬರೀ ‘ಇದೆ’, ‘ಆಗಿದೆ’, ‘ಮಾಡುತ್ತದೆ’. ನನ್ನ ಭಯ ಅದು. ಕುರ್ಚಿ, ಮೇಜು, ಸಾಬೂನು ಹೊರಗಿನಿಂದ ಬಂದರೂ ಕನ್ನಡ ಉಳಿಯಿತಲ್ಲ ಅನ್ನುವ ಪಟ್ಟಿಯನ್ನು ದಯವಿಟ್ಟು ಇಲ್ಲಿ ತರಬೇಡಿ. ಅವು ಕೈಬೆರಳೆಣಿಕೆಯಲ್ಲಿ ಬಂದವು, ನಿಧಾನವಾಗಿ ಬಂದವು. ಇವು ಹಿಂಡು ಹಿಂಡಾಗಿ ಬರುತ್ತಿವೆ.

ಉತ್ತರ, ಧಾರವಾಡದಿಂದ

ಪಟ್ಟಿ ತರುವುದಿಲ್ಲ. ನಿಮ್ಮ ಭಯವನ್ನು ತಳ್ಳಿಹಾಕುವುದೂ ಇಲ್ಲ, ಅದು ನನಗೂ ಇದೆ.

ಆದರೆ ಹೊರಗಿನ ಪದ ಬಂತು ಅನ್ನುವುದಕ್ಕಿಂತ ಬಂದ ಪದ ನಮ್ಮ ವಿಭಕ್ತಿಗೆ ಬಗ್ಗಿದೆಯಾ ಅಂತ ನೋಡಬೇಕು. ‘ಪಂಪಿನ ಸದ್ದು’, ‘ಪಂಪಿಗೆ ಕರೆಂಟು’ ಅನ್ನುತ್ತೇವೆ. ಅದು ಮನೆಯದಾಯಿತು. ಬೋರ್‌ವೆಲ್ ಇರುವ ತೋಟದಲ್ಲಿ ಪಂಪ್‌ಸೆಟ್‌ಗೆ ಹೊಸ ಹೆಸರಿಡಲು ಹೋದರೆ ರೈತರೇ ನಿಮ್ಮನ್ನು ನಿಲ್ಲಿಸುತ್ತಾರೆ. ವಸ್ತುವಿನ ಹೆಸರು ಹೊರಗಿನಿಂದ ಬರಲಿ, ಕ್ರಿಯಾಪದ ಬಿಟ್ಟುಕೊಡಬಾರದು. ‘ಕೂಲ್ ಮಾಡುತ್ತದೆ’, ‘ಟೈಟ್ ಮಾಡಿ’, ‘ಫಿಲ್ ಮಾಡಬೇಡಿ’. ಭಾಷೆ ಸೋರಿಹೋಗುವುದು ಇಲ್ಲಿ. ಬಿಸಿಯಾರಿಸುತ್ತದೆ, ಬಿಗಿ ಮಾಡಿ, ತುಂಬಬೇಡಿ. ಇಷ್ಟು ಹಿಡಿದುಕೊಂಡರೆ ರೇಡಿಯೇಟರ್ ಒಂದರಿಂದ ಏನೂ ಹಾಳಾಗುವುದಿಲ್ಲ.

ಉತ್ತರ, ಶಿವಮೊಗ್ಗದಿಂದ

ಕ್ರಿಯಾಪದ ಉಳಿಸಿಕೊಂಡು ನಾಮಪದಗಳನ್ನೆಲ್ಲ ಬಿಟ್ಟುಕೊಡುವುದು ರಾಜಿ. ನಾನು ಒಪ್ಪುವುದಿಲ್ಲ.

ಮರು, ಬೆಂಗಳೂರಿನಿಂದ

ಪುಟ ಕಳಿಸುವ ಹೊತ್ತಾಯಿತು. ಹೀಗೆ ಬರೆದಿದ್ದೇನೆ. ಕಣ್ಣಾಡಿಸಿ.

ಸಾಧನದ ಹೆಸರು ಲಿಕ್ವಿಡ್ ಕೂಲರ್, ಅಂಗಡಿಯಲ್ಲಿ ಕೇಳುವುದು ಹಾಗೇ. ಮೊದಲ ಪ್ಯಾರಾದಲ್ಲೇ ‘ಇದು ಕೋಣೆ ತಂಪು ಮಾಡುವ ಕೂಲರ್ ಅಲ್ಲ, ನೀರು ಹಾಕುವ ಕೆಲಸವೂ ಇಲ್ಲ’ ಅಂತ ಸೇರಿಸಿದ್ದೇನೆ. ಉದ್ದಕ್ಕೂ ಕೆಲಸಕ್ಕೆ ಬಿಸಿಯಾರಿಕೆ. ರೇಡಿಯೇಟರ್, ಪಂಪ್ ಹಾಗೇ. ಒಳಗಿನ ನೀರಿಗೆ ಕೂಲಂಟ್, ಕಾರು ಲಾರಿಯವರು ಅನ್ನುವಂತೆ. ಅಳತೆಗಳೆಲ್ಲ ಕೋಣೆಗಿಂತ ಎಷ್ಟು ಜಾಸ್ತಿ ಅನ್ನುವ ಲೆಕ್ಕದಲ್ಲಿ.

ಕೊನೆಯ ಅಭಿಪ್ರಾಯವನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದೇನೆ: ‘ಬಿಸಿಯಾರಿಕೆಯಲ್ಲಿ 120 ಮಿ.ಮೀ. ಅಳತೆಯದು ನೀರಿಲ್ಲದೆ ಫ್ಯಾನ್‌ನಿಂದಲೇ ನಡೆಯುವ ಒಳ್ಳೆಯ ಗಾಳಿ ಕೂಲರ್‌ಗಿಂತ ಹೆಚ್ಚೇನೂ ಮುಂದಿಲ್ಲ. ಪಂಪಿನ ಸಣ್ಣ ಗುಂಯ್ ಸದ್ದು ರಾತ್ರಿ ಕೇಳುತ್ತದೆ. ಕಂಪ್ಯೂಟರಿನ ಡಬ್ಬಿ ಪುಟ್ಟದು, ಎತ್ತರದ ಗಾಳಿ ಕೂಲರ್ ಹಿಡಿಸುವುದಿಲ್ಲ ಅನ್ನುವವರು ಮಾತ್ರ ಕೊಳ್ಳಿ.’

ಉತ್ತರ, ಮಂಗಳೂರಿನಿಂದ

ಒಂದು ಸಾಲು ಬಿಟ್ಟಿದ್ದೀರಿ. ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಮೇಲಕ್ಕೆ ಹೋಗಿ ಕೂರುತ್ತದೆ. ರೇಡಿಯೇಟರ್‌ನ ಮೇಲಂಚು ಪಂಪಿಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಗಾಳಿ ಪಂಪಿಗೆ ಸೇರಿ ಗುಳುಗುಳು ಅನ್ನುತ್ತದೆ, ಪಂಪ್ ಬೇಗ ಹೋಗುತ್ತದೆ. ‘ಮುಚ್ಚಿದ’ ಅಂದರೆ ಎಂದೆಂದಿಗೂ ಅಂತಲ್ಲ ಅನ್ನುವುದನ್ನೂ ಹಾಕಿ. ವರ್ಷಗಳು ಕಳೆದಂತೆ ಕೊಳವೆಯ ಗೋಡೆಯ ಮೂಲಕವೇ ನೀರು ಒಂದಿಷ್ಟು ಕಡಿಮೆಯಾಗುತ್ತದೆ.

ಉತ್ತರ, ತುಮಕೂರಿನಿಂದ

‘ಗಾಳಿ ಕೂಲರ್’ ಅಂತ ಯಾಕೆ ಬರೆದಿರಿ? ಅದೂ ಆರಿಸುವುದೇ ತಾನೆ? ‘ಗಾಳಿಯಿಂದ ಬಿಸಿಯಾರಿಕೆ’ ಅನ್ನಿ. ಫ್ರಿಜ್ಜಿಗೂ ಏಸಿಗೂ ಮಾತ್ರ ಈ ಪದ ಹಚ್ಚಬೇಡಿ. ಅವು ತಂಪು ಮಾಡುತ್ತವೆ.